ಹಳೆಯ ಯೆಜ್ಡಿಗೆ ಯಾವ ಇಗ್ನಿಷನ್? ಕೋಲಾರದ ಕಚ್ಚಾ ದಾರಿಯಲ್ಲಿ ಮೂರು ಬಗೆಗಳ ಹೋಲಿಕೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದರೂ, ಅಲ್ಲಿ ತಯಾರಾದ 250 ಸಿಸಿ ಯೆಜ್ಡಿಯನ್ನು ಅಗಲ ಹ್ಯಾಂಡಲ್, ಗುಬಟು ಟೈರುಗಳೊಂದಿಗೆ ಕಚ್ಚಾ ದಾರಿಗೆ ಸಜ್ಜುಗೊಳಿಸಿಕೊಂಡು ಓಡಿಸುವವರಲ್ಲಿ ನಾನೂ ಒಬ್ಬ. ಆರು ವೋಲ್ಟಿನ ಡೈನಮೊ ಇದ್ದ ಈ ಗಾಡಿಗೆ, ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸುವ ಮೂರು ಬಗೆಯ ಇಗ್ನಿಷನ್‌ಗಳನ್ನು ಒಂದಾದ ಮೇಲೊಂದರಂತೆ ಹಾಕಿ, ತೇರಹಳ್ಳಿ ಬೆಟ್ಟದ ಕಲ್ಲುದಾರಿಯಲ್ಲೂ ಕೆರೆಗಳ ಅಂಚಿನ ಮಣ್ಣಿನಲ್ಲೂ ಓಡಿಸಿ ನೋಡಿದ್ದೇನೆ. ಸರಿಯಾಗಿ ಕೂರಿಸಿದರೆ ಮೂರರಲ್ಲೂ ಕಿಡಿ ಚೆನ್ನಾಗಿಯೇ ಬರುತ್ತದೆ. ವ್ಯತ್ಯಾಸ ತಿಳಿಯುವುದು ಬ್ಯಾಟರಿ ಸೋತಾಗ, ನೀರು ದಾಟಿದಾಗ ಮತ್ತು ಏರಿನಲ್ಲಿ ನಿಧಾನವಾಗಿ ಎಳೆಯುವಾಗ.

ಗಾಡಿಯ ಜೊತೆಗೇ ಬಂದ, ಎರಡು ಲೋಹದ ತುದಿಗಳು ಕೂಡಿ ಬೇರೆಯಾಗುತ್ತ ಕಿಡಿ ಹುಟ್ಟಿಸುವ ಪಾಯಿಂಟ್ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ. ಬಲಬದಿಯ ಕವರ್ ಬಿಚ್ಚಿದರೆ ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಫೀಲರ್ ಗೇಜ್ ತೂರಿಸಿ 0.4 ಮಿ.ಮೀ. ಅಂತರ ಇಡಲು ಸ್ಕ್ರೂಡ್ರೈವರ್ ಒಂದಿದ್ದರೆ ಸಾಕು. ಆದರೆ ಪಾಯಿಂಟಿನ ಫೈಬರ್ ತುದಿ ತಿರುಗುತ್ತ ಅದನ್ನು ತೆರೆಯುವ ಕ್ಯಾಮಿಗೆ ಉಜ್ಜಿ ಸವೆದಂತೆಲ್ಲ ಅಂತರ ಕಿರಿದಾಗಿ, ಪಾಯಿಂಟ್ ತಡವಾಗಿ ತೆರೆದು, ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಹಿಂದೆ ಬೀಳುತ್ತದೆ. ಆಗ ಎಂಜಿನ್ ಹೆಚ್ಚು ಕಾದು ಎಳೆತ ಕುಗ್ಗುತ್ತದೆ. ಒಂದು ಪಾಯಿಂಟಿನ ಮುಖದಲ್ಲಿ ಕುಳಿ ಬಿದ್ದು ಎದುರಿನದರ ಮೇಲೆ ಗುಬಟು ಬೆಳೆದಿದ್ದರೆ, ಅರ ಹಾಕಿ ಉಜ್ಜುವುದಕ್ಕಿಂತ ಮೊದಲು, ಪಾಯಿಂಟುಗಳ ನಡುವೆ ಕಿಡಿ ಹಾರದಂತೆ ತಡೆಯುವ ಕಂಡೆನ್ಸರನ್ನು ಅನುಮಾನಿಸಬೇಕು. ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದ ಮೇಲೆ, ಹಿಂದೆ ಧೂಳೇ ಇದ್ದ ಕಾಲುವೆಗಳಲ್ಲಿ ಈಗ ಚಕ್ರ ಮುಳುಗುವಷ್ಟು ನೀರು ಸಿಗುತ್ತದೆ, ಮತ್ತು ಕವರಿನೊಳಗೆ ತೇವ ಸೇರಿತೆಂದರೆ ಪಾಯಿಂಟ್ ಗಾಡಿ ನಿಂತೇ ಬಿಡುತ್ತದೆ. ಒಣಬಟ್ಟೆಯಿಂದ ಒರೆಸಿ, ಪಾಯಿಂಟುಗಳ ನಡುವೆ ದಪ್ಪ ಕಾಗದವೊಂದನ್ನು ಎಳೆದರೆ ಮತ್ತೆ ಸ್ಟಾರ್ಟ್ ಆಗುತ್ತದೆ ಎಂಬುದು ಅದರ ಹಿರಿಮೆಯೂ ಹೌದು.

ಎರಡನೆಯದು, ಪಾಯಿಂಟ್ ತೆಗೆದು ಆ ಜಾಗದಲ್ಲಿ ಸಣ್ಣ ಆಯಸ್ಕಾಂತವನ್ನೂ ಅದು ಹತ್ತಿರ ಬಂದಾಗ ಗುರುತಿಸುವ ಹಾಲ್ ಸೆನ್ಸರನ್ನೂ ಕೂರಿಸುವ ಎಲೆಕ್ಟ್ರಾನಿಕ್ ಕಿಟ್. ಡೈನಮೊ, ಬ್ಯಾಟರಿ, ಕಿಡಿಗಾಗಿ ವೋಲ್ಟೇಜ್ ಏರಿಸುವ ಕಾಯಿಲ್ ಹಳೆಯವೇ ಉಳಿಯುತ್ತವೆ. ಸವೆಯುವ ಭಾಗವಿಲ್ಲದ ಕಾರಣ ಟೈಮಿಂಗ್ ಅಲುಗುವುದಿಲ್ಲ, ಖರ್ಚೂ ಕಡಿಮೆ. ಆದರೂ ಕಚ್ಚಾ ದಾರಿಗೆ ಇದನ್ನು ನಾನು ಒಪ್ಪುವುದಿಲ್ಲ. ನಿಧಾನಗತಿಯಲ್ಲಿ ಡೈನಮೊ ಚಾರ್ಜ್ ಮಾಡುವುದೇ ಇಲ್ಲ. ಗುಡ್ಡ ಹತ್ತುವಾಗ ಗಾಡಿ ಬಹುಪಾಲು ಅದೇ ಗತಿಯಲ್ಲಿರುತ್ತದೆ. ಬ್ಯಾಟರಿ ಇಳಿದಾಗ ಪಾಯಿಂಟಾದರೆ ಕ್ಷೀಣವಾದರೂ ಒಂದು ಕಿಡಿ ಕೊಡುತ್ತದೆ, ಆದರೆ ಎಲೆಕ್ಟ್ರಾನಿಕ್ ಪೆಟ್ಟಿಗೆ ತನಗೆ ಬೇಕಾದ ವೋಲ್ಟೇಜ್ ಸಿಗದಿದ್ದರೆ ಕೆಲಸವನ್ನೇ ಮಾಡುವುದಿಲ್ಲ. ದುರ್ಬಲವಾಗಿರುವುದು ಡೈನಮೊ, ಬದಲಾಗುವುದು ಮಾತ್ರ ಪಾಯಿಂಟ್ ಎಂಬುದೇ ಈ ಕಿಟ್ಟಿನ ಮೂಲ ಕೊರತೆ.

ಮೂರನೆಯದರಲ್ಲಿ ಡೈನಮೊವನ್ನೇ ಪೂರ್ತಿ ಇಳಿಸಿ, ತಿರುಗುವ ಆಯಸ್ಕಾಂತದ ರೋಟರ್ ಮತ್ತು ತಿರುಗದ ತಂತಿಸುರುಳಿಗಳ ಸ್ಟೇಟರ್ ಕೂರಿಸಿ, ಸಿಡಿಐ, ಅಂದರೆ ಕೆಪಾಸಿಟರಿನಲ್ಲಿ ಕರೆಂಟು ತುಂಬಿಟ್ಟು ಕಿಡಿಗೆ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಜೋಡಿಸುತ್ತಾರೆ. ಚೆಕ್ ದೇಶದ ವೇಪ್ ಕಂಪನಿ ಜಾವಾ ಗಾಡಿಗಳಿಗೆಂದೇ ಇಂಥ 12 ವೋಲ್ಟಿನ ಆಯಸ್ಕಾಂತ ಸೆಟ್ ತಯಾರಿಸುತ್ತದೆ. ನಾನು ಹಾಕಿದ ಸಿಡಿಐ ಸೆಟ್ಟಿನಲ್ಲಿ ಕಿಡಿಗೆ ಬೇಕಾದ ಕರೆಂಟನ್ನು ಸ್ಟೇಟರ್ ತಾನೇ ಹುಟ್ಟಿಸುವುದರಿಂದ ಬ್ಯಾಟರಿ ಸತ್ತಿದ್ದರೂ, ಇಲ್ಲದೇ ಇದ್ದರೂ ಒದ್ದರೆ ಸ್ಟಾರ್ಟ್ ಆಗುತ್ತದೆ. ಇನ್ನೊಂದು ಲಾಭ ನನಗೆ ಅದಕ್ಕಿಂತಲೂ ಮುಖ್ಯವಾಗಿ ಕಂಡಿತು: ಕೆಪಾಸಿಟರಿನಲ್ಲಿ ತುಂಬಿಕೊಂಡ ಕರೆಂಟು ಒಮ್ಮೆಲೇ ಕಾಯಿಲಿಗೆ ನುಗ್ಗುವುದರಿಂದ ವೋಲ್ಟೇಜ್ ತಟ್ಟನೆ ಏರುತ್ತದೆ, ಹಾಗಾಗಿ ಉದ್ದದ ಇಳಿಜಾರಿನಲ್ಲಿ ಪೆಟ್ರೋಲ್-ಆಯಿಲ್ ಮಿಶ್ರಣದಿಂದ ಒದ್ದೆಯಾದ ಪ್ಲಗ್ಗೂ ಉರಿಯುತ್ತದೆ. ಕಿಡಿಯ ಅವಧಿ ಪಾಯಿಂಟಿನದಕ್ಕಿಂತ ಕಡಿಮೆಯೆಂಬುದು ನಿಜವಾದರೂ ಓಟದಲ್ಲಿ ಅದು ಕೊರತೆಯೆನಿಸಲಿಲ್ಲ.

ಕೊರತೆ ಬೇರೆ ಕಡೆ ಇದೆ. ನಾನು ಹಾಕಿದ ರೋಟರ್ ಹಳೆಯ ಡೈನಮೊದಲ್ಲಿ ತಿರುಗುತ್ತಿದ್ದ ಆರ್ಮೇಚರಿಗಿಂತ ಹಗುರ; ಎಂಜಿನ್ ಚುರುಕಾಗಿ ಏರುತ್ತದೆ, ಆದರೆ ಕಲ್ಲುಗಳ ನಡುವೆ ತೆವಳುವಾಗ ಅಷ್ಟೇ ಬೇಗ ಆರುತ್ತದೆ, ಆದ್ದರಿಂದ ಕ್ಲಚ್ ಮೇಲೆ ಬೆರಳು ಇಟ್ಟೇ ಇರಬೇಕು. ಭಾರದ ರೋಟರ್ ಸಿಗುವುದಾದರೆ ಅದನ್ನೇ ಆರಿಸಿಕೊಳ್ಳಿ. ಬಲ್ಬು, ಹಾರ್ನು ಎಲ್ಲವೂ 12 ವೋಲ್ಟಿನವಾಗಬೇಕು. ಕ್ರ್ಯಾಂಕಿನ ಶಂಕುವಿನಾಕಾರದ ತುದಿಯಲ್ಲಿ ಆಯಿಲಿನ ಪಸೆಯೂ ಉಳಿಯದಂತೆ ಒರೆಸಿಯೇ ರೋಟರ್ ಬಿಗಿಯಬೇಕು, ಏಕೆಂದರೆ ಆ ಹಿಡಿತದಲ್ಲೇ ಅದು ನಿಂತಿರುತ್ತದೆ. ಪ್ಲಗ್ಗಿಗೆ 5 ಕಿಲೋ-ಓಮ್ ರೆಸಿಸ್ಟರ್ ಇರುವ ಕ್ಯಾಪ್ ಹಾಕದಿದ್ದರೆ ಕಿಡಿಯ ತರಂಗಗಳಿಂದ ಸಿಡಿಐಗೆ ತೊಂದರೆಯಾಗಬಹುದು.

ಬೆಟ್ಟ ಹತ್ತುವ ಗಾಡಿಗೆ ನನ್ನ ಆಯ್ಕೆ ಸಿಡಿಐ. ಅಷ್ಟು ಹಣ ಹಾಕಲಾಗದವರು ಒಳ್ಳೆಯ ಪಾಯಿಂಟ್, ಹೊಸ ಕಂಡೆನ್ಸರ್ ಮತ್ತು ಗಟ್ಟಿ ಬ್ಯಾಟರಿಯೊಂದಿಗೆ ಮುಂದುವರಿಯಲಿ. ನಡುವಿನ ಕಿಟ್ಟಿಗೆ ಖರ್ಚು ಮಾಡುವುದು ಬೇಡ. ಸಿಡಿಐ ಪೆಟ್ಟಿಗೆ ಕೆಟ್ಟರೆ ದಾರಿಯಲ್ಲಿ ರಿಪೇರಿ ಸಾಧ್ಯವಿಲ್ಲ, ಆದ್ದರಿಂದ ಸೀಟಿನ ಕೆಳಗೆ ಇನ್ನೊಂದು ಪೆಟ್ಟಿಗೆ ಇರಲೇಬೇಕು. ಇಳಿಸಿದ ಡೈನಮೊವನ್ನು ಗುಜರಿಗೆ ಹಾಕದೆ ಒರೆಸಿ, ಸುತ್ತಿ ಎತ್ತಿಡಿ. ಗಾಡಿಯನ್ನು ಮೂಲ ರೂಪಕ್ಕೆ ತರಬೇಕೆನಿಸಿದ ದಿನ ಒಳ್ಳೆಯ ಡೈನಮೊ ಹುಡುಕುವುದು ಸುಲಭವಲ್ಲ.