ಮೊಡವೆ ಗುಳಿಗಳಿಗೆ ಮೈಕ್ರೋನೀಡ್ಲಿಂಗ್: ಎಲ್ಲಿ ಫಲ, ಎಲ್ಲಿ ವ್ಯರ್ಥ

ಮೊಡವೆ ಮಾಯ್ದ ಮೇಲೂ ಕೆನ್ನೆಯಲ್ಲಿ ಉಳಿದ ಗುಳಿಗಳಿಗಾಗಿ ನಾನು ಚರ್ಮರೋಗ ತಜ್ಞರಲ್ಲಿ ಮೈಕ್ರೋನೀಡ್ಲಿಂಗ್ ಚಿಕಿತ್ಸೆ ಪಡೆದೆ. ಅಂಚು ಇಳಿಜಾರಾಗಿರುವ ಅಗಲವಾದ ಗುಳಿಗಳು ಗಮನಾರ್ಹವಾಗಿ ತುಂಬಿಕೊಂಡವು. ಕಿರಿದಾಗಿ ಆಳಕ್ಕಿಳಿದವು ಹೆಚ್ಚುಕಡಿಮೆ ಹಾಗೆಯೇ ಇವೆ. ವೈದ್ಯರು ಇದನ್ನು ಮೊದಲೇ ತಿಳಿಸಿ, ಆಳದ ಗುಳಿಗಳಿಗೆ ಟಿಸಿಎ (ಟ್ರೈಕ್ಲೋರೋಅಸಿಟಿಕ್) ಆಮ್ಲವನ್ನು ಗುಳಿಯೊಳಗೆ ಹಚ್ಚುವ ಚಿಕಿತ್ಸೆ ಹೆಚ್ಚು ಸೂಕ್ತವೆಂದಿದ್ದರಿಂದ ನನಗೆ ನಿರಾಸೆಯಾಗಲಿಲ್ಲ.

ಪೆನ್ನಿನಂಥ ಯಂತ್ರದ ತುದಿಯಲ್ಲಿರುವ ಸೂಕ್ಷ್ಮ ಸೂಜಿಗಳು ಹೊರಚರ್ಮವನ್ನು ಸುಲಿಯದೆ ಒಳಚರ್ಮದವರೆಗೆ ಇಳಿದು ಸಣ್ಣ ಗಾಯಗಳನ್ನು ಮಾಡುತ್ತವೆ; ಆ ಗಾಯಗಳನ್ನು ಮಾಯಿಸಿಕೊಳ್ಳುವಾಗ ದೇಹ ಉತ್ಪಾದಿಸುವ ಹೊಸ ಕೊಲಾಜನ್‌ನಿಂದ (ಚರ್ಮಕ್ಕೆ ಬಲ ಕೊಡುವ ಪ್ರೋಟೀನ್) ಗುಳಿ ಮೇಲೇಳುತ್ತದೆ. ಇದು ನಿಧಾನದ ಕೆಲಸವಾದ್ದರಿಂದಲೇ ಎರಡು ಸರದಿಗಳ ನಡುವೆ ಸಾಮಾನ್ಯವಾಗಿ 4ರಿಂದ 6 ವಾರಗಳ ಅಂತರವಿರುತ್ತದೆ. ಶಾಖದ ಬಳಕೆಯಿಲ್ಲದ ಕಾರಣ, ಹಲವು ಬಗೆಯ ಲೇಸರ್‌ಗಳಿಗೆ ಹೋಲಿಸಿದರೆ, ಕಪ್ಪು ಮೈಬಣ್ಣದವರಲ್ಲಿ ಚಿಕಿತ್ಸೆಯ ನಂತರ ಕಪ್ಪು ಕಲೆ ಉಳಿಯುವ ಸಂಭವ ಕಡಿಮೆ. ಹಾಗೆಂದು ಸನ್‌ಸ್ಕ್ರೀನ್ ಮರೆಯುವಂತಿಲ್ಲ.

ಮರಗಟ್ಟಿಸುವ ಮುಲಾಮು ಹಚ್ಚಿದ್ದರೂ ಹಣೆ ಮತ್ತು ಮೇಲ್ದುಟಿಯ ಬಳಿ ನೋವು ತಿಳಿಯಿತು. ಬಿಸಿಲಿಗೆ ಸುಟ್ಟಂತೆ ಕೆಂಪಾಗಿದ್ದ ಮುಖ ಕೆಲವೇ ದಿನಗಳಲ್ಲಿ ತಿಳಿಯಾಯಿತು.

ನಾನು ಮೆಚ್ಚಿದ್ದು ಯಂತ್ರಕ್ಕಿಂತ ವೈದ್ಯರ ವಿಚಾರಣೆಯನ್ನು. ಕೆಲಾಯ್ಡ್ (ಗಾಯದ ಕಲೆ ಉಬ್ಬಿ ಬೆಳೆಯುವುದು) ಆಗುವ ಪ್ರವೃತ್ತಿ, ತುಟಿಯ ಹರ್ಪಿಸ್ (ವೈರಸ್‌ನಿಂದೇಳುವ ಗುಳ್ಳೆ), ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಮಾತ್ರೆ ಇವೆಲ್ಲವನ್ನೂ ಕೇಳಿ ತಿಳಿದುಕೊಂಡು, ಹೊಸ ಮೊಡವೆಗಳು ಶಮನವಾಗುವವರೆಗೆ ಚಿಕಿತ್ಸೆಯನ್ನು ಮುಂದೂಡಿದರು. ಪ್ರತಿ ಸಲವೂ ಸೂಜಿಯ ತುದಿಯ ಹೊಸ ಪೊಟ್ಟಣವನ್ನು ನನ್ನೆದುರಿಗೇ ತೆರೆದರು. ಅಮೆರಿಕದ ನ್ಯೂ ಮೆಕ್ಸಿಕೋದ ಸ್ಪಾ ಒಂದರಲ್ಲಿ ರಕ್ತ ಬಳಸಿ ಮಾಡುವ ಇಂಥದೇ ಚಿಕಿತ್ಸೆಯಿಂದ ಎಚ್‌ಐವಿ ಹರಡಿದ್ದನ್ನು ತಿಳಿದವರಿಗೆ ಈ ಎಚ್ಚರ ಅತಿಯೆನಿಸದು.

ಆಕ್ಷೇಪ ಒಂದೇ: ಸ್ವಾಗತ ಮೇಜಿನಲ್ಲಿ ಇದನ್ನು ‘ಮುಖಕಾಂತಿಯ ಪ್ಯಾಕೇಜ್’ ಎಂದು ಮಾರುತ್ತಾರೆ. 2018ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಪೆನ್ನಿಗೆ ಮೊದಲ ಅನುಮತಿ ನೀಡಿದ್ದು ವಯಸ್ಕರ ಮುಖದ ಮೊಡವೆ ಗುಳಿಗಳಿಗೇ ಹೊರತು ಕಾಂತಿಗಲ್ಲ. ಪ್ಯಾಕೇಜ್ ಜೊತೆಗೆ ಬರುವ ವಿಟಮಿನ್ ಸಿ ಸೀರಮ್ಮನ್ನು ನಾನು ನಿರಾಕರಿಸಿದೆ. ಚರ್ಮದ ಮೇಲೆ ಹಚ್ಚಲೆಂದು ತಯಾರಿಸಿದ ದ್ರವ ಸೂಜಿಯ ರಂಧ್ರಗಳ ಮೂಲಕ ಒಳಸೇರಿ ಗಂಟುಗಳೆದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.