ಶಿಮಾನೊ ಟೂರ್ನಿ ಟಿವೈ300: ಕೊಡಗಿನ ಮಳೆಗೂ ಏರಿಗೂ ತಡೆಯುತ್ತದೆಯೇ?

ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗ ಗೇರ್ ಬೀಳದೆ ಚೈನ್ ಕಟಕಟ ಅನ್ನತೊಡಗಿದರೆ ಮೊದಲು ಬೈಸಿಕೊಳ್ಳುವುದು ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ. ಅಗ್ಗದ 21 ಗೇರ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಶಿಮಾನೊ ಕಂಪನಿಯ ಟೂರ್ನಿ. ‘ಟೂರ್ನಿ ಅಲ್ವಾ, ಅಷ್ಟೇ ಬರೋದು’ ಅಂತ ಹೊಸದು ಕೂರಿಸಿದರೂ ಸ್ವಲ್ಪ ದಿನಕ್ಕೆ ಮತ್ತದೇ ಕಟಕಟ. ಪಾಪ, ತಪ್ಪು ಹೆಚ್ಚಾಗಿ ಅದರದ್ದಲ್ಲ.

ಟೂರ್ನಿಯ ಟಿವೈ300 ಮಾದರಿ ಇರುವುದು 6 ಮತ್ತು 7 ಸ್ಪೀಡ್‌ಗೆ, ಅಂದರೆ ಹಿಂದೆ ಆರೋ ಏಳೋ ಹಲ್ಲುಚಕ್ರ ಇರುವ ಸೈಕಲ್‌ಗೆ. ಹಿಂದೆ 34 ಹಲ್ಲಿನ ಚಕ್ರದವರೆಗೂ ಹತ್ತುತ್ತದೆ, ಒಟ್ಟು ಸಾಮರ್ಥ್ಯ (ಮುಂದಿನ, ಹಿಂದಿನ ಹಲ್ಲುಗಳ ವ್ಯತ್ಯಾಸ ಕೂಡಿದ್ದು) 43 ಹಲ್ಲು. ಮುಂದೆ 48-38-28 ಇದ್ದರೆ ವ್ಯತ್ಯಾಸ 20, ಹಿಂದೆ 14-34 ಇದ್ದರೆ ಇನ್ನೊಂದು 20. ಕೂಡಿದರೆ 40, ಆರಾಮಾಗಿ ಒಳಗೇ ಬಂತು. ಹಾಗಾಗಿ ದೊಡ್ಡ ಚಕ್ರ 28 ಹಲ್ಲಿನದಾದ ಫ್ರೀವೀಲ್‌ನಲ್ಲಿ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಏರು ಹತ್ತಲಾಗದೆ ಉಸಿರು ಬಿಡುವವರು 34ರದ್ದು ಹಾಕಿಸಿಕೊಳ್ಳಬಹುದು, ಡಿರೇಲರ್ ಬದಲಿಸಬೇಕಿಲ್ಲ. ಚೈನ್ ಉದ್ದ ಮಾತ್ರ ಹೊಸದಾಗಿ ಅಳೆಯಬೇಕು.

ಇದರೊಳಗಿನ ಸ್ಪ್ರಿಂಗ್ ಚೈನನ್ನು ಸದಾ ಚಿಕ್ಕ ಚಕ್ರದ ಕಡೆ ಎಳೆಯುತ್ತಿರುತ್ತದೆ, ವೈರ್ ದೊಡ್ಡದರ ಕಡೆ. ಇದಿಷ್ಟು ತಲೆಯಲ್ಲಿದ್ದರೆ ಅರ್ಧ ರೋಗ ಗೊತ್ತಾದಂತೆ. ದೊಡ್ಡ ಚಕ್ರಕ್ಕೆ ಹತ್ತಲು ತಿಣುಕುತ್ತಿದ್ದರೆ ವೈರ್ ಸಡಿಲ. ವೈರ್ ಬಿಗಿಸುವ ತಿರುಪನ್ನು (ಅಡ್ಜಸ್ಟರ್) ಹೊರಗೆ ಬರುವಂತೆ ಕಾಲು ಸುತ್ತು ತಿರುಗಿಸಿ, ಪೆಡಲ್ ಸುತ್ತಿಸಿ ನೋಡಿ, ಬೇಕಾದರೆ ಇನ್ನೊಂದು ಕಾಲು. ಡಿರೇಲರ್‌ನಲ್ಲಿ ಅಡ್ಜಸ್ಟರ್ ಇಲ್ಲದಿದ್ದರೆ ಹ್ಯಾಂಡಲ್‌ನಲ್ಲಿ ಗೇರ್ ಬದಲಿಸುವ ಶಿಫ್ಟರ್ ಬಳಿ ಇರುವುದೇ ಸಾಕು.

ಹತ್ತುವುದು ಸರಿಯಿದ್ದು, ಚಿಕ್ಕದಕ್ಕೆ ಇಳಿಯುವಾಗ ಮಾತ್ರ ತಡವಾಗಿ, ‘ಟಕ್’ ಅಂತ ಎರಡು ಗೇರ್ ಒಟ್ಟಿಗೆ ಬಿದ್ದರೆ? ಅದು ಔಟರ್ (ವೈರ್ ಓಡುವ ಹೊರಕವಚ) ಒಳಗಿನ ತುಕ್ಕು. ಇಲ್ಲಿನ ಮಳೆಗಾಲದಲ್ಲಿ ಹೆಚ್ಚು ಕಾಡುವುದು ಇದೇ. ಫ್ರೇಮ್‌ನಿಂದ ಡಿರೇಲರ್‌ಗೆ ಬಳೆಯಂತೆ ಬಾಗಿ ಬರುವ ಕೊನೆಯ ತುಂಡಿನಲ್ಲಿ ನೀರು ನಿಲ್ಲುತ್ತದೆ, ತೋಟದ ಕೆಸರು ಸೇರಿ ಕೆನ್ನೀರಾಗುತ್ತದೆ. ಪರೀಕ್ಷೆ ಸುಲಭ: ಚೈನ್ ದೊಡ್ಡ ಚಕ್ರದಲ್ಲಿರುವಾಗ ಸೈಕಲ್ ನಿಲ್ಲಿಸಿ, ಪೆಡಲ್ ತಿರುಗಿಸದೆ ಶಿಫ್ಟರನ್ನು ಚಿಕ್ಕ ಗೇರ್‌ವರೆಗೆ ಒತ್ತಿ. ವೈರ್ ಸಡಿಲವಾಗುತ್ತದೆ. ಫ್ರೇಮ್‌ನ ಸೀಳಿನಿಂದ ಔಟರ್ ಬಿಡಿಸಿ ವೈರ್ ಮೇಲೆ ಹಿಂದೆ ಮುಂದೆ ಜಾರಿಸಿ. ಮರಳು ಉಜ್ಜಿದಂತೆ ಗರಗರ ಅಂದರೆ ಎಣ್ಣೆ ಬಿಡುತ್ತಾ ಕೂರಬೇಡಿ. ಆ ತುಂಡನ್ನೂ 1.2 ಮಿಮೀ ಒಳವೈರನ್ನೂ ಬದಲಿಸಿ. ಔಟರ್ 4 ಮಿಮೀ ಗೇರ್ ಔಟರೇ ಆಗಿರಬೇಕು. ಬ್ರೇಕ್ ಔಟರ್ ಸುರುಳಿ ತಂತಿಯದ್ದು, ಎಳೆದಾಗ ಕುಗ್ಗಿ ಗೇರ್ ಲೆಕ್ಕ ತಪ್ಪಿಸುತ್ತದೆ. ಕತ್ತರಿಸಿದ ತುದಿ ಚಪ್ಪಟೆಯಾಗಿದ್ದರೆ ದಬ್ಬಣದಿಂದ ಬಾಯಿ ಬಿಡಿಸಿ, ಟೊಪ್ಪಿ ಹಾಕಿ.

ಹತ್ತುವುದೂ ಇಳಿಯುವುದೂ ಎರಡೂ ಕೆಟ್ಟಿದ್ದರೆ, ಒಂದು ಗೇರ್ ಸರಿಮಾಡಿದಾಗ ಇನ್ನೊಂದು ಹಾಳಾಗುತ್ತಿದ್ದರೆ, ಹ್ಯಾಂಗರ್ (ಫ್ರೇಮ್‌ನಲ್ಲಿ ಡಿರೇಲರ್ ಕೂರುವ ಕಿವಿ) ನೋಡಿ. ಬಲಕ್ಕೆ ಬಿದ್ದರೂ ಸಾಕು, ಪಿಕಪ್‌ನಲ್ಲಿ ಒಂದರ ಮೇಲೊಂದು ಹೇರಿದರೂ ಸಾಕು, ಬಾಗುತ್ತದೆ. ಹಿಂದಿನಿಂದ ಕೂತು ನೋಡಿದರೆ ಡಿರೇಲರ್‌ನ ಎರಡು ಪುಟ್ಟ ಚಕ್ರಗಳು ಮೇಲಿನ ಹಲ್ಲುಚಕ್ರದ ಜೊತೆ ಒಂದೇ ನೇರದಲ್ಲಿ ಕಾಣಬೇಕು. ಅಳತೆ ಸಲಕರಣೆ ಸಿಗದಿದ್ದರೆ ಹಳೆಯ ಉಪಾಯವೊಂದಿದೆ: ಡಿರೇಲರ್ ಬಿಚ್ಚಿ, ಇನ್ನೊಂದು ಹಿಂದಿನ ಚಕ್ರದ 10 ಮಿಮೀ ಆಕ್ಸಲ್ ತುದಿಯನ್ನು ಹ್ಯಾಂಗರ್ ತೂತಿಗೆ ತಿರುಗಿಸಿ. ಎರಡರದ್ದೂ 1 ಮಿಮೀ ಮರೆ (ಥ್ರೆಡ್), ಕೂರುತ್ತದೆ. ಎರಡು ರಿಮ್‌ಗಳ ನಡುವಿನ ಅಂತರವನ್ನು ಮೇಲೆ, ಕೆಳಗೆ, ಮುಂದೆ, ಹಿಂದೆ ಅಳೆದು, ವ್ಯತ್ಯಾಸ 4 ಮಿಮೀ ಒಳಗೆ ಬರುವವರೆಗೆ ಮೆಲ್ಲಗೆ ಬಾಗಿಸಿ. ಅಲ್ಯೂಮಿನಿಯಂ ಹ್ಯಾಂಗರನ್ನು ಪದೇಪದೇ ಬಾಗಿಸಿದರೆ ಮುರಿದೇ ಹೋಗುತ್ತದೆ.

ಟಿವೈ300 ಎರಡು ಬಗೆಯಲ್ಲಿ ಬರುತ್ತದೆ: ಹ್ಯಾಂಗರ್‌ಗೆ ನೇರ ಕೂರುವುದು, ಆಕ್ಸಲ್ ಜೊತೆ ಬ್ರಾಕೆಟ್‌ನಲ್ಲಿ ಸಿಕ್ಕುವುದು. ನಿಮ್ಮ ಸೈಕಲ್‌ಗೆ ಯಾವುದು ಎಂದು ನೋಡಿಯೇ ಕೊಳ್ಳಿ. ಬ್ರಾಕೆಟ್‌ನದ್ದಕ್ಕೆ ಒಂದು ಚಾಳಿಯಿದೆ. ಪಂಕ್ಚರ್‌ಗೆ ಚಕ್ರ ಬಿಚ್ಚಿ ಹಾಕುವಾಗ ಅದನ್ನು ಹಿಡಿದಿರುವ ಚಿಕ್ಕ ಸ್ಕ್ರೂ ಸಡಿಲವಿದ್ದರೆ ಇಡೀ ಡಿರೇಲರ್ ಒಂದಿಷ್ಟು ತಿರುಗಿಕೊಳ್ಳುತ್ತದೆ. ‘ಪಂಕ್ಚರ್ ಹಾಕಿಸಿದ ಮೇಲೆ ಗೇರ್ ಹಾಳಾಯ್ತು’ ಅನ್ನುವ ದೂರಿನ ಮೂಲ ಎಷ್ಟೋ ಸಲ ಇಷ್ಟೇ.

ಡಿರೇಲರ್ ಮೇಲಿನ ಎಚ್ ಮತ್ತು ಎಲ್ ಸ್ಕ್ರೂಗಳನ್ನು ಗೇರ್ ಸದ್ದಿಗೆಂದು ತಿರುಗಿಸಬೇಡಿ, ಅವು ಬೇಲಿಗಳು. ಎಚ್ ಚಿಕ್ಕ ಚಕ್ರದ ಆಚೆಗೆ, ಎಲ್ ದೊಡ್ಡ ಚಕ್ರದ ಆಚೆಗೆ ಚೈನ್ ಹೋಗದಂತೆ ತಡೆಯುತ್ತವೆ. ಎಲ್ ಸಡಿಲವಿದ್ದರೆ ಏರಿನಲ್ಲಿ ಕೊನೆಯ ಗೇರ್ ಹಾಕಿದ ಕೂಡಲೇ ಚೈನ್ ಕಡ್ಡಿಗಳ ನಡುವೆ ಬೀಳುತ್ತದೆ, ಡಿರೇಲರ್ ಚಕ್ರದೊಳಗೇ ಹೋಗಿ ತುಂಡಾಗಬಹುದು.

ಪೆಡಲ್ ಒತ್ತಿ ತುಳಿದಾಗ ಮಾತ್ರ ಜಾರಿದರೆ ಚೈನ್ ಅಳೆಯಿರಿ. 12 ಇಂಚಿನಷ್ಟು ಕೊಂಡಿಗಳು ಹೊಸದರಲ್ಲಿ 304.8 ಮಿಮೀ. 307 ದಾಟಿದ್ದರೆ ಚೈನ್ ಮುಗಿದಿದೆ. ಹೊಸ ಚೈನ್ ಹಾಕಿದ ಮೇಲೂ ಹೆಚ್ಚು ಬಳಸುವ ಒಂದೆರಡು ಚಕ್ರದಲ್ಲಿ ಜಾರಿದರೆ ಫ್ರೀವೀಲ್ ಕೂಡ ಸವೆದಿದೆ ಎಂದರ್ಥ.

ಟೂರ್ನಿಯ ನಿಜವಾದ ದೌರ್ಬಲ್ಯ ಕೀಲುಗಳು. ಪುಟ್ಟ ಚಕ್ರಗಳಿರುವ ಕೆಳಗಿನ ಪಂಜರ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಹೊಸದಕ್ಕೆ ಹೋಲಿಸಿದರೆ ಲೊಡಲೊಡ ಅಂದರೆ ಯಾವ ಅಡ್ಜಸ್ಟ್‌ಮೆಂಟೂ ನಿಲ್ಲದು. ಆಗ ಬದಲಿಸಿ. 7 ಸ್ಪೀಡ್ ಇರುವವರು ಇದನ್ನೇ ಮತ್ತೆ ಕೊಳ್ಳುವ ಬದಲು ಸ್ವಲ್ಪ ಹೆಚ್ಚು ಕೊಟ್ಟು ಆಲ್ಟಸ್ ಎಂ310 ತರಬಹುದು. ಅದಕ್ಕೂ 34 ಹಲ್ಲು, 43 ಸಾಮರ್ಥ್ಯವೇ. ಇರುವ ಶಿಮಾನೊ ಶಿಫ್ಟರ್ ಜೊತೆಗೇ ನಡೆಯುತ್ತದೆ. ಇನ್ನು ಆಯುಧಪೂಜೆಗೆ ಸರ್ವಿಸ್ ಸ್ಟೇಷನ್ನಿನ ಜೆಟ್ ನೀರನ್ನು ಈ ಕೀಲುಗಳಿಗೆ ನೇರ ಬಿಡಿಸಬೇಡಿ. ಬಕೆಟ್ ನೀರು, ಬ್ರಷ್, ಒಣ ಬಟ್ಟೆ, ಆಮೇಲೆ ಪ್ರತಿ ಕೀಲಿಗೆ ಒಂದೊಂದು ಹನಿ ತೆಳು ಎಣ್ಣೆ.