ಬೇಸ್ ಕ್ಯಾಂಪ್‌ವರೆಗೆ ಕುದುರೆ ಅಂತ ದುಡ್ಡು ತಗೋತಾರೆ, ದಾರಿ ಮಧ್ಯದ ಹಂಕರ್ ಹಳ್ಳಿಯಲ್ಲೇ ಸಾಮಾನು ಇಳಿಸಿ ಹೋಗ್ತಾರೆ. ಹುಷಾರು!

ಲಡಾಖಿನ ಕಾಂಗ್ ಯಾತ್ಸೆ 2 ಶಿಖರ (6,250 ಮೀ) ಹತ್ತೋಕೆ ಗುಂಪಿನ ಜೊತೆ ಹೋಗದೆ ಇಬ್ಬರೇ ಹೋಗೋ ಪ್ಲ್ಯಾನ್ ಇರೋರು ದಯವಿಟ್ಟು ಓದಿ.

ನಮ್ಮಿಬ್ಬರಿಗೆ ಸಿಕ್ಕಿದ್ದು, ಬೆಂಗಳೂರಲ್ಲಿ ಕೂತು ಕುದುರೆ, ಜೀಪು ಎಲ್ಲ ಹೊಂದಿಸಿ ಕೊಡ್ತೀನಿ ಅನ್ನೋ ಏಜೆಂಟು. ಮಾತಾಗಿದ್ದು ಇಷ್ಟು: ನಡಿಗೆ ಶುರುವಾಗೋ ಸ್ಕಿಯು ಹಳ್ಳಿಯಿಂದ ಮಾರ್ಖಾ ಕಣಿವೆ ಹಿಡಿದು ಬೇಸ್ ಕ್ಯಾಂಪ್‌ವರೆಗೆ ಎರಡು ಕುದುರೆ, ಒಬ್ಬ ಕುದುರೆಯವರು, ಖಾಲಿ ವಾಪಸ್ ಬರೋ ದಿನಗಳ ಬಾಡಿಗೆಯೂ ಸೇರಿ. ಪೂರ್ತಿ ಮುಂಗಡ. ಸಾಮಾನು 70 ಕೆಜಿ ಅಂತ ತೂಕ ಹಾಕಿ ಫೋಟೋ ಸಮೇತ ಅವನಿಗೆ ಕಳಿಸಿದ್ದೆವು: 50 ಮೀಟರ್ ಹಗ್ಗ, ಐಸ್ ಆಕ್ಸ್, ಕ್ರ್ಯಾಂಪಾನ್ (ಬೂಟಿಗೆ ಕಟ್ಟೋ ಮುಳ್ಳು), ಹಿಮದ ಬೂಟು, ಸ್ನೋ ಸ್ಟೇಕ್ (ಹಿಮಕ್ಕೆ ಹೊಡೆಯೋ ಗೂಟ), ಟೆಂಟು, ಸ್ಟೌ, ಊಟ. ಕುದುರೆಗೆ 35 ಕೆಜಿ ಬೀಳುತ್ತೆ, ಎರಡು ಪಕ್ಕಕ್ಕೂ ಸಮ ಹಂಚಿದರೆ ಅದಕ್ಕೆ ಅದೇನೂ ಭಾರವಲ್ಲ. "ಆರಾಮಾಗಿ ಆಗುತ್ತೆ ಸರ್" ಅಂದಿದ್ದ.

ಹಂಕರ್‌ನಲ್ಲಿ ಬೆಳಿಗ್ಗೆ ಹೊರಡೋ ಹೊತ್ತಿಗೆ ಡಫಲ್ ಬ್ಯಾಗುಗಳು ಕಲ್ಲಿನ ಗೋಡೆ ಪಕ್ಕ ಸಾಲಾಗಿ ಇಟ್ಟಿವೆ, ಕುದುರೆಯವರು ಹಗ್ಗ ಸುತ್ತಿಕೊಳ್ತಿದ್ದಾರೆ. ಕೇಳಿದರೆ ಪಾಪ, ಅವರೇ ತಬ್ಬಿಬ್ಬು. ಫೋನ್ ತೆಗೆದು ಏಜೆಂಟಿನ ಮೆಸೇಜ್ ತೋರಿಸಿದರು: "ದೋ ಘೋಡಾ, ಹಂಕರ್ ಡ್ರಾಪ್." ತಾರೀಖು ನೋಡಿದರೆ ನಾವು ದುಡ್ಡು ಕಟ್ಟಿದ ದಿನವೇ! ದುಡ್ಡು ಎಣಿಸಿಕೊಂಡ ದಿನವೇ ಕೈ ಕೊಡೋದು ತೀರ್ಮಾನ ಆಗಿತ್ತು. ಅವರಿಗೆ ಮುಂದಿನ ಗುಂಪು ಕೆಳಗೆ ಕಾಯ್ತಿದೆ, ನಿಲ್ಲೋ ಹಾಗಿಲ್ಲ. ಜಗಳ ಆಡೋಣ ಅಂದರೆ ಫೋನಿಗೆ ಸಿಗ್ನಲ್ ಇಲ್ಲ. ಅದೂ ಆ ಏಜೆಂಟನಿಗೆ ಗೊತ್ತು.

ಇದರ ಲೆಕ್ಕ ನೋಡಿ. ಹಂಕರ್ ಸುಮಾರು 4,000 ಮೀಟರ್, ದಾರೀಲಿ ಸಿಗೋ ನಿಮಾಲಿಂಗ್ ಹುಲ್ಲುಗಾವಲು 4,700ಕ್ಕೂ ಮೇಲೆ, ಬೇಸ್ ಕ್ಯಾಂಪ್ ಇನ್ನೂ ಮೇಲೆ. ಒಬ್ಬೊಬ್ಬರು 35 ಕೆಜಿ ಒಂದೇ ಸಲ ಹೊತ್ತು ಆ ಎತ್ತರದಲ್ಲಿ ಹತ್ತೋಕಾಗಲ್ಲ. ಹದಿನೇಳು ಹದಿನೆಂಟು ಕೆಜಿಯಂತೆ ಎರಡು ಸಲ. ಅಂದರೆ ಒಂದೇ ದಾರಿ ಮೂರು ಸಲ ನಡೀಬೇಕು: ಹೊತ್ತು ಮೇಲೆ, ಖಾಲಿ ಕೆಳಗೆ, ಮತ್ತೆ ಹೊತ್ತು ಮೇಲೆ. ಮಧ್ಯಾಹ್ನ ಆಯ್ತೋ ಹಿಮ ಕರಗಿ ಹೊಳೆ ಏರುತ್ತೆ, ಹಾಗಾಗಿ ದಾಟೋದೆಲ್ಲ ಬೆಳಿಗ್ಗೆಯೇ ಮುಗೀಬೇಕು. ದಿನ ಜಾಸ್ತಿ ಆದಷ್ಟೂ ಗ್ಯಾಸ್ ಖಾಲಿ. ಅದನ್ನ ವಿಮಾನದಲ್ಲಿ ತರೋ ಹಾಗಿಲ್ಲ, ಲೇಹ್‌ನಲ್ಲಿ ಎಣಿಸಿ ಕೊಂಡಿದ್ದು. ಮೇಲೆ ನೀರಿಗೆ ಹಿಮ ಕರಗಿಸೋಕೆ ಇಟ್ಟ ಗ್ಯಾಸ್ ಕ್ಯಾನು ಕೆಳಗೇ ಮುಗಿದರೆ ಶಿಖರ ಮರೆತುಬಿಡಿ. ಮರೆತೆವು ಕೂಡ.

ಲೇಹ್‌ಗೆ ಬಂದ ಮೇಲೆ ಅವನ ಉತ್ತರಗಳು. ಮೊದಲು, "ಕುದುರೆಗೆ ಹುಷಾರಿರಲಿಲ್ಲ ಸರ್." ಎರಡಕ್ಕೂನಾ? ಆಮೇಲೆ, "ದಾರೀಲಿ ಹಿಮ ಇತ್ತಂತೆ." ಆಗಸ್ಟಲ್ಲಿ, ಹಂಕರ್‌ನಲ್ಲಿ! ಆಮೇಲೆ, "ಲೋಡ್ ಜಾಸ್ತಿ ಇತ್ತು." ತೂಕದ ಫೋಟೋ ಕಳಿಸಿದ ಮೇಲೆ ಬಂದಿದ್ದು ನೋಡಿ: "ನೀವು ಕ್ಲೈಂಬರ್ಸ್ ಅಲ್ವಾ ಸರ್, ಇಷ್ಟು ಹೊರೋಕಾಗಲ್ವಾ?" ಮೈ ಉರಿದು ಹೋಯ್ತು. ಹೊರೋಕಾಗೋದಾದರೆ ನಿನಗೆ ಯಾಕಪ್ಪ ದುಡ್ಡು ಕೊಡಬೇಕಿತ್ತು? ಕುದುರೆ ಹೋಗದೇ ಇರೋ ದಾರಿಯ ವಾಪಸ್ ಬಾಡಿಗೆಯನ್ನೂ ನುಂಗಿದ್ದಾನೆ. ಕೇಳಿದರೆ "ಮುಂದಿನ ಟ್ರಿಪ್ಪಲ್ಲಿ ಅಡ್ಜಸ್ಟ್ ಮಾಡೋಣ." ಮುಂದಿನ ಟ್ರಿಪ್ಪಂತೆ!

ಪೂರ್ತಿ ಮುಂಗಡ ಕೊಡಲೇಬೇಡಿ. ಸ್ಕಿಯುನಲ್ಲಿ ಹೊರೆ ಕಟ್ಟೋ ಮುಂಚೆ ಕುದುರೆಯವರನ್ನೇ ಕೇಳಿ: ಎಲ್ಲಿವರೆಗೆ, ಎಷ್ಟು ದಿನ, ನಿಮಗೆ ಎಷ್ಟು ಹೇಳಿದ್ದಾರೆ ಅಂತ. ಅರ್ಧ ದುಡ್ಡು ಬೇಸ್ ಕ್ಯಾಂಪಲ್ಲಿ ಅವರ ಕೈಗೇ ಕೊಡಿ, ನೋಟಲ್ಲೇ. ರಸೀದಿಯಲ್ಲಿ ಎಲ್ಲಿವರೆಗೆ ಅಂತ ಜಾಗದ ಪೂರ್ತಿ ಹೆಸರು ಬರೆಸಿಕೊಳ್ಳಿ, ಬರೀ "ಬೇಸ್ ಕ್ಯಾಂಪ್" ಅಂತ ಬರೆದರೆ ಅದಕ್ಕೂ ಒಂದು ಕಥೆ ಕಟ್ತಾರೆ.

ಆಸಾಮಿ ಇವತ್ತಿಗೂ ಸ್ಟೇಟಸ್ ಹಾಕ್ತಿದ್ದಾನೆ, "ಕುದುರೆ ಸಮೇತ, ಎರಡೇ ಸೀಟು ಬಾಕಿ" ಅಂತ.